ಚರ್ಮ ಹೊಲಿಯೋಕೆ ಕಾಂಪೌಂಡ್ ಫೀಡ್ ಮೆಷಿನ್: ಹಾಸನದಿಂದ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, 'ಹೆವಿ ಡ್ಯೂಟಿ' ಅಂತ ಸ್ಟಿಕರ್ ಅಂಟಿಸಿದ ಮಾತ್ರಕ್ಕೆ ಯಾವ ಮೆಷಿನ್ನೂ ಚರ್ಮ ಹೊಲಿಯುವುದಿಲ್ಲ. ಸೂಜಿ ಚುಚ್ಚುವುದು ದೊಡ್ಡ ವಿಷಯವೇ ಅಲ್ಲ. ಮನೆಯಲ್ಲಿರುವ ಮಾಮೂಲಿ ಮೆಷಿನ್ನಿನ ಚಕ್ರವನ್ನು ಕೈಯಲ್ಲೇ ತಿರುಗಿಸಿದರೂ ತೆಳು ಚರ್ಮದೊಳಗೆ ಸೂಜಿ ಇಳಿಯುತ್ತದೆ. ತೊಂದರೆ ಇರುವುದು ಎಳೆಯುವುದರಲ್ಲಿ. ಸೂಜಿ ಪ್ಲೇಟಿನ ಕೆಳಗಿನ ಹಲ್ಲು ಚರ್ಮವನ್ನು ಎಳೆದುಕೊಂಡು ಹೋಗುತ್ತದೆ, ಮೇಲಿಂದ ಒತ್ತುವ ಫೂಟ್ ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ, ಇದರಿಂದ ಮೇಲಿನ ಪದರ ಹಿಂದೆ ಉಳಿದು ಹೊಲಿಗೆ ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಉದ್ದುದ್ದ ಬೀಳುತ್ತದೆ. ಬ್ಲೌಸ್, ಚೂಡಿದಾರ್ ಹೊಲಿದು ಅಭ್ಯಾಸ ಇದ್ದವರಿಗೂ ಇದು ತಲೆನೋವೇ.

ನಾನು ತಗೊಂಡಿದ್ದು ಕಾಂಪೌಂಡ್ ಫೀಡ್ ಮೆಷಿನ್. ಜೂಕಿ ಕಂಪನಿಯ 1541 ಮಾಡೆಲ್ ಕೆಲವರಿಗೆ ಗೊತ್ತಿರಬಹುದು, ಬ್ಯಾಗು, ಸೋಫಾ, ಕಾರ್ ಸೀಟ್ ಹೊಲಿಯುವವರು ಇಟ್ಟುಕೊಳ್ಳುವಂಥದ್ದು. ಅದೇ ಮಾದರಿಯಲ್ಲಿ ಬೇರೆ ಕಂಪನಿಗಳೂ ಮಾಡುತ್ತವೆ, ನನ್ನದು ಅಂಥದ್ದೊಂದು. ಇದರಲ್ಲಿ ಫೂಟ್ ಎರಡು, ಒಳಗೊಂದು ಹೊರಗೊಂದು. ಕೆಳಗಿನ ಹಲ್ಲು, ಸೂಜಿ, ಒಳಗಿನ ಫೂಟ್ ಮೂರೂ ಒಟ್ಟಿಗೆ ಹಿಂದಕ್ಕೆ ಚಲಿಸುತ್ತವೆ. ಸೂಜಿ ಚರ್ಮದೊಳಗೆ ಇರುವಾಗಲೇ ಅದನ್ನೂ ಕರೆದುಕೊಂಡು ಹೋಗುತ್ತದೆ. ಆಮೇಲೆ ಹೊರಗಿನ ಫೂಟ್ ಇಳಿದು ಹಿಡಿಯುತ್ತದೆ, ಒಳಗಿನದು ಎದ್ದು ಮುಂದಕ್ಕೆ ಬರುತ್ತದೆ. ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ ಇದನ್ನು ಒಮ್ಮೆ ನೋಡಿ, ದುಡ್ಡು ಯಾಕೆ ಜಾಸ್ತಿ ಅಂತ ಅಲ್ಲೇ ಅರ್ಥವಾಗುತ್ತದೆ. ಮನೆ ಮೆಷಿನ್ ನಾಲ್ಕೈದು ತಗೊಳ್ಳುವಷ್ಟು ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಮೋಟಾರ್ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ, ಸರ್ವೋನೇ ಹಾಕಿಸಿ. ಒಂದು ಅಂಗಡಿಯವರು ಕ್ಲಚ್ ಮೋಟಾರ್ ಕೊಟ್ಟು ಸಾಗಹಾಕಲು ನೋಡಿದರು, 'ಸ್ಟ್ರಾಂಗ್ ಇರುತ್ತೆ ಮೇಡಂ' ಅಂತ. ಸ್ಟ್ರಾಂಗ್ ಇರುವುದೇನೋ ನಿಜ. ಆದರೆ ಅದು ಸ್ವಿಚ್ ಹಾಕಿದಾಗಿನಿಂದ ಆಫ್ ಮಾಡುವವರೆಗೆ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ, ಪೆಡಲ್ ಮೇಲೆ ಕಾಲಿಟ್ಟರೆ ಸಾಕು ಓಡಿಬಿಡುತ್ತದೆ. ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ, ಬಟ್ಟೆಯ ಹಾಗೆ ಬಿಚ್ಚಿ ಮತ್ತೆ ಹೊಲಿಯೋಣ ಅನ್ನುವಂತಿಲ್ಲ. ಸರ್ವೋದಲ್ಲಿ ಸ್ಪೀಡ್ ಇಳಿಸಿಟ್ಟರೆ ಒಂದೊಂದೇ ಹೊಲಿಗೆ ಹಾಕಿಕೊಂಡು ಹೋಗಬಹುದು, ಮತ್ತು ಹೊಲಿಯುವಾಗ ಮಾತ್ರ ಮೋಟಾರ್ ತಿರುಗುತ್ತದೆ, ಹಾಗಾಗಿ ಕರೆಂಟೂ ಉಳಿಯುತ್ತದೆ. ಮೆಷಿನ್ ಕೂರಿಸಲು ಬಂದ ಮೆಕ್ಯಾನಿಕ್ ಸ್ಪೀಡನ್ನು ತೀರಾ ಕೆಳಕ್ಕೆ ಇಳಿಸಿ, 'ಅಕ್ಕ, ಕೈ ಕೂರೋವರೆಗೂ ಇದನ್ನ ಮುಟ್ಟಲೇಬೇಡಿ' ಅಂದರು. ಸರಿಯಾದ ಮಾತು.

ಹಾಸನದಲ್ಲಿ ಗಾರ್ಮೆಂಟ್ಸ್ ಇರುವುದರಿಂದ ಮೆಕ್ಯಾನಿಕ್‌ಗೇನೂ ಬರವಿಲ್ಲ. ಆದರೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರೆಲ್ಲರಿಗೂ ಈ ಮೆಷಿನ್ನಿನ ಹುಕ್ ಟೈಮಿಂಗ್ (ಅಡಿಯಲ್ಲಿ ದಾರ ಹಿಡಿಯುವ ಹುಕ್ ಸರಿಯಾದ ಕ್ಷಣಕ್ಕೆ ಸೂಜಿಯ ಹತ್ತಿರ ಬರುವಂತೆ ಕೂರಿಸುವುದು) ಗೊತ್ತಿರುತ್ತದೆ ಅಂತಿಲ್ಲ. ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆ ಕಡೆ ಕಾರ್ ಸೀಟ್ ಕವರ್ ಹೊಲಿಯುವವರನ್ನು ಕೇಳಿ, ಅವರ ಮೆಷಿನ್ ಯಾರು ನೋಡುತ್ತಾರೋ ಅವರನ್ನೇ ಕರೆಸಿ. ಹೋದಾಗ ರೆಕ್ಸಿನ್ ತುಂಡುಗಳನ್ನೂ ಕೇಳಿ ತನ್ನಿ, ಸುಮ್ನೆ ಕಸಕ್ಕೆ ಹೋಗುವಂಥವು. ಮೊದಲು ಅದರ ಮೇಲೇ ಗೆರೆ ಎಳೆದು ಹೊಲಿದು ಅಭ್ಯಾಸ ಮಾಡಿ. ಒಳ್ಳೆ ಚರ್ಮ ತಮಿಳುನಾಡಿನ ಆಂಬೂರು, ರಾಣಿಪೇಟೆ ಕಡೆಯಿಂದ ಬರಬೇಕು, ಅದನ್ನು ಕಲಿಯುವುದಕ್ಕೆ ಹಾಳು ಮಾಡಬೇಡಿ.

ಸೂಜಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮೆಷಿನ್ ಜೊತೆ ಸಾಮಾನ್ಯವಾಗಿ ಬರುವುದು 135x17 ಅನ್ನುವ ನಮೂನೆಯ ಸೂಜಿ. ಅದರ ಮೊನೆ ಗುಂಡಗೆ, ರೆಕ್ಸಿನ್ನಿಗೂ ದಪ್ಪ ಬಟ್ಟೆಗೂ ಸರಿ. ಚರ್ಮಕ್ಕೆ 135x16 ಬೇಕು. ಉದ್ದ ಅಷ್ಟೇ, ಆದರೆ ಮೊನೆ ಕತ್ತರಿಸಿಕೊಂಡು ಇಳಿಯುತ್ತದೆ. ದಾರ ಬಾಂಡೆಡ್ ನೈಲಾನ್ (ಎಳೆ ಬಿಚ್ಚದಂತೆ ಲೇಪ ಹಾಕಿದ್ದು) ತಗೊಳ್ಳಿ. ಟೆಕ್ಸ್ ಅಂದರೆ ದಾರದ ದಪ್ಪದ ಅಳತೆ: ಟೆಕ್ಸ್ 70ಕ್ಕೆ 18 ನಂಬರ್ ದಪ್ಪದ ಸೂಜಿ, ಟೆಕ್ಸ್ 90ಕ್ಕೆ 20, ಟೆಕ್ಸ್ 135ಕ್ಕೆ 22. ಬ್ಯಾಗಿಗೆ ನಡುವಿನದು ಸಾಕು. ಹತ್ತಿ ದಾರ ಬೇಡವೇ ಬೇಡ. ಸೂಜಿ ಹಾಕುವಾಗ ಅದರ ಮೈಮೇಲಿನ ಉದ್ದ ಗೀರು ಎಡಕ್ಕೆ ಇರಲಿ, ಈ ಮಾದರಿಯಲ್ಲಿ ದಾರ ಎಡದಿಂದ ಬಲಕ್ಕೆ ಪೋಣಿಸಬೇಕು. ಕೆಲವು ಮನೆ ಮೆಷಿನ್ನುಗಳ ಅಭ್ಯಾಸದಲ್ಲಿ ಮುಂದಿನಿಂದ ಹಿಂದಕ್ಕೆ ಅಂದುಕೊಂಡರೆ ಹೊಲಿಗೆ ಕೂರುವುದೇ ಇಲ್ಲ.

ಶುರು ಮಾಡುವಾಗ ಮೇಲಿನ ದಾರ, ಬಾಬಿನ್ ದಾರ ಎರಡನ್ನೂ ಕೈಯಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅಡಿಯಲ್ಲಿ ಗಂಟುಗಂಟಾಗಿ ಸಿಕ್ಕಿಕೊಳ್ಳುತ್ತದೆ. ಮೂಲೆ ತಿರುಗಿಸುವುದೇ ನಿಜವಾದ ಪರೀಕ್ಷೆ. ಸೂಜಿ ಪೂರ್ತಿ ಕೆಳಗೆ ಹೋಗಿ ಒಂಚೂರು ಮೇಲೇಳಲು ಶುರುವಾದ ಕ್ಷಣಕ್ಕೆ ನಿಲ್ಲಿಸಬೇಕು, ಆಗ ಹುಕ್ ದಾರವನ್ನು ಹಿಡಿದಿರುತ್ತದೆ. ಮೇಜಿನ ಕೆಳಗಿನ ಲಿವರನ್ನು ಮೊಣಕಾಲಿನಿಂದ ತಳ್ಳಿ ಫೂಟ್ ಎತ್ತಿ, ಚರ್ಮ ತಿರುಗಿಸಿ, ಇಳಿಸಿ. ಪೂರ್ತಿ ಕೆಳಗೆ ಇರುವಾಗಲೇ ತಿರುಗಿಸಿದರೆ ಆ ಮೂಲೆಯ ಹೊಲಿಗೆ ತಪ್ಪುತ್ತದೆ, ಮತ್ತು ಕೊಳ್ಳುವವರ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ! ಕೊನೆಯಲ್ಲಿ ರಿವರ್ಸ್ ಹಾಕಿ ಮತ್ತೆ ಮತ್ತೆ ಕುಟ್ಟಬೇಡಿ. ಎರಡು ಮೂರು ಹೊಲಿಗೆ ಹಳೇ ತೂತಿಗೇ ಬೀಳುವಂತೆ ಹಿಂದೆ ಬಂದರೆ ಸಾಕು, ಅಥವಾ ದಾರವನ್ನು ಒಳಬದಿಗೆ ಎಳೆದು ಗಂಟು ಹಾಕಿ ಲೈಟರ್ ತೋರಿಸಿ, ನೈಲಾನ್ ಕರಗಿ ಕೂರುತ್ತದೆ. ಗುಂಡುಪಿನ್ ಬದಲು ಕ್ಲಿಪ್ ಬಳಸಿ. ಹೊಲಿಗೆ ಉದ್ದ 4 ಮಿ.ಮೀ. ಸುತ್ತ ಇಡಿ. ತೀರಾ ಚಿಕ್ಕದಾದರೆ ತೂತುಗಳು ಸಾಲಾಗಿ ಬಿದ್ದು ಅಲ್ಲೇ ಹರಿಯುತ್ತದೆ.

ಇನ್ನು ಬೈಯಬೇಕಾದ್ದು. ಮೆಷಿನ್ ಜೊತೆ ಬಂದ ಫೂಟಿಗೆ ಹಲ್ಲಿದೆ, ಮೆತ್ತಗಿನ ಚರ್ಮದ ಮೇಲೆ ಹೊಲಿಗೆಯ ಎರಡೂ ಪಕ್ಕ ಗೀರುಗೀರು ಗುರುತು ಬೀಳುತ್ತದೆ. ಒತ್ತಡ ಕಡಿಮೆ ಮಾಡಿದರೂ ಪೂರ್ತಿ ಹೋಗಲಿಲ್ಲ, ನುಣುಪಾದ ಫೂಟನ್ನು ಬೇರೆಯಾಗಿ ತರಿಸಬೇಕಾಯಿತು. ಇದನ್ನು ಜೊತೆಗೇ ಕೊಡಬಹುದಿತ್ತು ಅಲ್ವಾ? ಇನ್ನೊಂದು, ಎಣ್ಣೆ. ಹಾಕಿದ ಮೇಲೆ ಸ್ವಲ್ಪ ಹೊತ್ತು ರೆಕ್ಸಿನ್ ಚೂರಿನ ಮೇಲೆ ಓಡಿಸಿ, ಇಲ್ಲದಿದ್ದರೆ ಚರ್ಮಕ್ಕೆ ಕಲೆ ಗ್ಯಾರಂಟಿ. ಹಾಗಂತ ಎಣ್ಣೆ ಬಿಡುವಂತಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಸಕಲೇಶಪುರ ಕಡೆ ಇರುವವರಿಗೆ, ಪ್ಲೇಟಿಗೆ ತುಕ್ಕು, ಚರ್ಮಕ್ಕೆ ಬೂಸ್ಟು, ಎರಡೂ ಬರುತ್ತವೆ.

ಪರ್ಸು, ಬೆಲ್ಟು ಮಾತ್ರ ಮಾಡುವವರಿಗೆ ಇದು ಬೇಡ. ಕೈಹೊಲಿಗೆಗೆ ಎರಡು ಸೂಜಿ, ತೂತು ಹಾಕುವ ಉಳಿ ಸಾಕು, ಹೊಲಿಗೆಯೂ ಹೆಚ್ಚು ಗಟ್ಟಿ. ಜಾಗದ ವಿಷಯವೂ ಇದೆ, ಮೇಜು ಮೋಟಾರ್ ಸೇರಿ ಒಂದು ಸಲ ಇಟ್ಟ ಕಡೆಯಿಂದ ಅಲ್ಲಾಡುವುದಿಲ್ಲ, ಮೆಷಿನ್ನಿನ ತಲೆಭಾಗ ಎತ್ತಲಿಕ್ಕೇ ಇಬ್ಬರು ಬೇಕು. ಬ್ಯಾಗು, ಬೈಕ್ ಸೀಟ್, ಕುಶನ್ ಕವರ್ ಅಂತ ಸಂಪಾದನೆಗೆ ಇಳಿಯುವವರು ಧೈರ್ಯವಾಗಿ ತಗೊಳ್ಳಬಹುದು. ಆದರೆ 135x16 ಸೂಜಿ ಹಾಸನದಲ್ಲಿ ಕೇಳಿದ ಕೂಡಲೇ ನನಗೆ ಸಿಗಲಿಲ್ಲ. ಮೆಷಿನ್ ಆರ್ಡರ್ ಮಾಡುವಾಗಲೇ 18, 20, 22 ಒಂದೊಂದು ಪ್ಯಾಕೆಟ್ ಸೇರಿಸಿ ಕಳಿಸಿ ಅಂತ ಹೇಳಿ.