ಟೈಪ್ ಮುಗಿಸೋಕೂ ಬಿಡದ ಬಿಲ್ಲಿಂಗ್ ಸಾಫ್ಟ್‌ವೇರ್: 5ಕ್ಕೆ 3 ಸ್ಟಾರ್

ತಿಪಟೂರಿನಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಸಾಮಾನು ಕೊಡೋದು ನಮ್ಮ ಯಜಮಾನರು, ಬಿಲ್ ಹಾಕೋದು ನಾನು. ಈ ಸಾಫ್ಟ್‌ವೇರ್ ಹಾಕಿಸಿ ಒಂದು ವರ್ಷವಾಯಿತು.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಗಿರಾಕಿಯ ಜಿಎಸ್‌ಟಿ ನಂಬರ್ ಹಾಕುವಾಗ 29 ಅಂತ ಒತ್ತಿದರೆ ಸಾಕು, ಪಕ್ಕದಲ್ಲಿ ‘ಕರ್ನಾಟಕ’ ಬಂದು ಕೂರುತ್ತದೆ. 27 ಆದರೆ ‘ಮಹಾರಾಷ್ಟ್ರ’. ಮೂರರಿಂದ ಹನ್ನೆರಡನೇ ಅಕ್ಷರದವರೆಗೆ ಪ್ಯಾನ್ ನಂಬರ್ ಇರುತ್ತದಲ್ವಾ, ಅದನ್ನೂ ತಾನೇ ತುಂಬಿಕೊಳ್ಳುತ್ತದೆ. ಹದಿನೈದನೇ ಅಕ್ಷರ ಉಳಿದ ಹದಿನಾಲ್ಕರ ಲೆಕ್ಕದಿಂದ ಬರುವಂಥದ್ದು. ನಡುವೆ 8 ಒತ್ತುವ ಕಡೆ 3 ಒತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟು ಜಾಣತನ ಇರುವುದಕ್ಕೆ ಮೊಬೈಲ್ ನಂಬರ್ ಹತ್ತಿರ ಏನಾಗುತ್ತದೋ! ಮೊದಲ 9 ಒತ್ತಿದ ತಕ್ಷಣ ಬಾಕ್ಸ್ ಕೆಂಪಾಗಿ, ‘ತಪ್ಪು ನಂಬರ್’ ಅನ್ನುತ್ತದೆ. ಇನ್ನೂ ಒಂಬತ್ತು ಅಂಕಿ ಬಾಕಿ ಇದೆಯಪ್ಪಾ, ಸ್ವಲ್ಪ ತಾಳು.

ಕನ್ನಡದಲ್ಲಿ ಸಾಮಾನಿನ ಹೆಸರು ಹಾಕಿದರೆ ಇನ್ನೊಂದು ತಮಾಷೆ. ನಾನು ಇಂಗ್ಲಿಷ್ ಕೀಗಳಲ್ಲೇ ಕನ್ನಡ ಬರೆಯುವವಳು. ‘ಶೀಟ್’ ಅಂತ ಬರೆಯಲು ಮೊದಲ ಕೀ ಒತ್ತಿದಾಗ ‘ಸ್’ ಬರುತ್ತದೆ, ಎರಡನೆಯದಕ್ಕೆ ಅದು ‘ಶ್’ ಆಗಬೇಕು. ಅಷ್ಟರಲ್ಲಿ ಇದು ‘ಸ್’ ನೋಡಿ ‘ಸ್ಕ್ರೂ’ ಅಂತ ತುಂಬಿಬಿಡುತ್ತದೆ. ನಾನು ಮುಗಿಸುವ ಹೊತ್ತಿಗೆ ಬಾಕ್ಸಿನಲ್ಲಿರುವುದು ‘ಸ್ಕ್ಶೀಟ್’.

ಇವೆಲ್ಲ ನಕ್ಕು ಬಿಡಬಹುದು. ಮೊಳೆಯದ್ದು ಹಾಗಲ್ಲ. 2.5 ಕೆಜಿ ಮೊಳೆಗೆ ಬಿಲ್ ಹಾಕುತ್ತಿದ್ದೆ. ‘2.’ ಅನ್ನುವಷ್ಟರಲ್ಲಿ ಅದಕ್ಕೆ ಇದು ಸಂಖ್ಯೆಯೇ ಅಲ್ಲ ಅನ್ನಿಸಿದೆ, ಸುಮ್ನೆ ತಾನೇ ಚುಕ್ಕಿ ಅಳಿಸಿಬಿಟ್ಟಿತು. ಆಮೇಲೆ ಒತ್ತಿದ 5 ಹೋಗಿ 2ರ ಪಕ್ಕ ಕೂತಿತು. ಬಿಲ್ಲಿನಲ್ಲಿ 25 ಕೆಜಿ! ‘ಏನಕ್ಕಾ, ಮನೆಗೆಲ್ಲ ಮೊಳೆ ಹೊಡೀಬೇಕಾ?’ ಅಂತ ಗಿರಾಕಿ ನಕ್ಕ. ನನಗೆ ಮಾತ್ರ ಮುಖ ಕೆಂಪಾಯಿತು. ಕೆಂಪಾಗಬೇಕಿದ್ದ ಬಾಕ್ಸ್ ಆಗ ಬೆಳ್ಳಗೇ ಇತ್ತು.

ಕಂಪನಿಗೆ ಫೋನ್ ಮಾಡಿದೆ. ‘ಪ್ರತಿ ಕೀಗೂ ಚೆಕ್ ಆಗುತ್ತೆ ಮೇಡಂ, ಅದೇ ನಮ್ಮ ಸ್ಪೆಷಾಲಿಟಿ’ ಅಂದರು. ಸಾಮಾನಿನ ಹೆಸರುಗಳ ಪಟ್ಟಿ ತೋರಿಸೋದು ಟೈಪ್ ಮಾಡುವಾಗಲೇ ಇರಲಿ, ತಪ್ಪು ಹಿಡಿಯೋದು ಟ್ಯಾಬ್ ಒತ್ತಿ ಮುಂದೆ ಹೋದ ಮೇಲೆ ಆಗಲಿ ಅಂದೆ. ಒಮ್ಮೆ ಕೆಂಪಾದದ್ದನ್ನು ತಿದ್ದುತ್ತಿದ್ದರೆ, ಸರಿಯಾದ ಕ್ಷಣವೇ ಕೆಂಪು ಹೋಗಲಿ ಅಂತಲೂ ಹೇಳಿದೆ. ಬರೆದುಕೊಂಡರು.

ಸದ್ಯಕ್ಕೆ ಮೊಳೆಯನ್ನು ಗ್ರಾಂ ಲೆಕ್ಕದಲ್ಲೇ ಹಾಕುತ್ತಿದ್ದೇನೆ. 2500. ಅದರಲ್ಲಿ ಚುಕ್ಕಿಯೇ ಇಲ್ಲ.