ಸಮ್ ಫಂಕ್ಷನ್ನಿನ ಮೌನ: ಒಂದು ಸ್ಪ್ರೆಡ್‌ಶೀಟಿನೊಡನೆ ಆರು ವರ್ಷ

ಆರು ವರ್ಷಗಳಿಂದ ಮನೆಯ ಖರ್ಚುವೆಚ್ಚವನ್ನು ಒಂದೇ ಎಕ್ಸೆಲ್ ಸ್ಪ್ರೆಡ್‌ಶೀಟಿನಲ್ಲಿ ಬರೆಯುತ್ತಾ ಬಂದಿದ್ದೇನೆ. ತಂತ್ರಾಂಶದ ಗುಣವಿಶೇಷಗಳು ಎಲ್ಲರಿಗೂ ತಿಳಿದಿರುವುದರಿಂದ ಅವನ್ನು ಬಿಟ್ಟು, ಕೂಡುವ ಚಿಹ್ನೆಗೂ (+) ಕೊಟ್ಟ ಸೆಲ್‌ಗಳನ್ನೆಲ್ಲ ಕೂಡಿಕೊಡುವ ಸಮ್ ಫಂಕ್ಷನ್ನಿಗೂ ನಡುವೆ ಇರುವ ಒಂದು ವ್ಯತ್ಯಾಸದ ಬಗ್ಗೆ ಮಾತ್ರ ಬರೆಯುತ್ತೇನೆ.

ಎರಡೂ ಮಾಡುವುದು ಒಂದೇ ಕೆಲಸವೆಂದು ಬಹಳ ಕಾಲ ನಂಬಿದ್ದೆ. ಒಮ್ಮೆ ಬ್ಯಾಂಕಿನ ಪಟ್ಟಿಯನ್ನು ಇಳಿಸಿಕೊಂಡು ಅಂಟಿಸಿದಾಗ ಒಟ್ಟು ಮೊತ್ತ ತಾಳೆಯಾಗಲಿಲ್ಲ. ಎ2, ಎ3, ಎ4 ಸೆಲ್‌ಗಳಲ್ಲಿ 1200, 750, 300 ಇದ್ದವು. =ಎ2+ಎ3+ಎ4 ಎಂದರೆ 2250 ಬರುತ್ತಿತ್ತು, =ಸಮ್(ಎ2:ಎ4) ಎಂದರೆ 1500. ನಡುವಿನ 750 ಕಣ್ಣಿಗೆ ಸಂಖ್ಯೆಯಾಗಿ ಕಂಡರೂ ಸೆಲ್‌ನೊಳಗೆ ಪಠ್ಯವಾಗಿ ಕುಳಿತಿತ್ತು. ಕೂಡುವ ಚಿಹ್ನೆ ಅದನ್ನು ಸಂಖ್ಯೆಯಾಗಿ ಪರಿವರ್ತಿಸಿಕೊಂಡು ಕೂಡಿತು. ಸಮ್ ಫಂಕ್ಷನ್ ಅದನ್ನು ದಾಟಿಕೊಂಡು ಹೋಯಿತು. ದೋಷಸೂಚನೆಯೊಂದು ಬಂದಿದ್ದರೆ ನನಗಿಷ್ಟು ಸಿಟ್ಟು ಬರುತ್ತಿರಲಿಲ್ಲ. (=-3^2 ಎಂದು ಕೇಳಿದರೆ, ಗಣಿತದ ರೂಢಿಯಂತೆ -9 ಎನ್ನದೆ 9 ಎನ್ನುವುದೂ ಇದೇ ತಂತ್ರಾಂಶ. ಇಲ್ಲಿ ಋಣ ಚಿಹ್ನೆಗೆ ಘಾತಕ್ಕಿಂತ ಮೊದಲ ಮರ್ಯಾದೆ. ಮನೆಯ ಲೆಕ್ಕದಲ್ಲಿ ಘಾತಕ್ಕೆ ಕೆಲಸವಿಲ್ಲದ್ದರಿಂದ ಅದನ್ನು ಕ್ಷಮಿಸಿದ್ದೇನೆ.)

ಅಂದಿನಿಂದ ತಿಂಗಳ ಕೊನೆಯ ಸಂಜೆಗೊಂದು ಕ್ರಮವಿದೆ. ಮೊದಲು ಕಾಲಮನ್ನು ಅಗಲ ಮಾಡುತ್ತೇನೆ; ನಾವಾಗಿ ಜೋಡಣೆ ಬದಲಿಸದಿದ್ದರೆ ಸಂಖ್ಯೆಗಳು ಬಲಕ್ಕೆ ಸರಿದು ನಿಲ್ಲುತ್ತವೆ, ಪಠ್ಯ ಎಡಕ್ಕೆ ಅಂಟಿಕೊಂಡು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಬಳಿಕ ಖಾಲಿ ಸೆಲ್‌ನಲ್ಲಿ 1 ಎಂದು ಬರೆದು, ನಕಲು ಮಾಡಿ, ಕಾಲಮನ್ನು ಆಯ್ದು, ಪೇಸ್ಟ್ ಸ್ಪೆಷಲ್‌ನಲ್ಲಿ ಗುಣಾಕಾರವನ್ನು ಆರಿಸುತ್ತೇನೆ; ಒಂದರಿಂದ ಗುಣಿಸಿದಾಗ ಪಠ್ಯವಾಗಿ ಕುಳಿತ ಅಂಕಿ ಬೆಲೆ ಬದಲಾಗದೆ ಸಂಖ್ಯೆಯಾಗುತ್ತದೆ. ಎಡಕ್ಕಿದ್ದ ಅಂಕಿಗಳೆಲ್ಲ ಒಮ್ಮೆಗೇ ಬಲಕ್ಕೆ ಸರಿಯುವ ಆ ಕ್ಷಣಕ್ಕಾಗಿ ಈಗ ಕಾಯುತ್ತೇನೆಂದರೂ ಸರಿಯೇ.

ಸಿಟ್ಟಿನಲ್ಲಿ ಕೆಲವು ತಿಂಗಳು ಸಮ್ ಫಂಕ್ಷನ್ನನ್ನೇ ಬಿಟ್ಟು ಎಲ್ಲ ಸೆಲ್‌ಗಳನ್ನೂ ಕೂಡುವ ಚಿಹ್ನೆಯಿಂದ ಪೋಣಿಸಿದ್ದೆ. ಒಂದು ಬಿಲ್ಲು ಇನ್ನೂ ಬಾರದಿದ್ದಾಗ ಅದರ ಜಾಗದಲ್ಲಿ ‘ಬಾಕಿ’ ಎಂದು ಬರೆದದ್ದೇ ತಡ, ಒಟ್ಟು ಮೊತ್ತವೂ ಅದನ್ನು ನೆಚ್ಚಿದ್ದ ವಾರ್ಷಿಕ ಹಾಳೆಯೂ #ವ್ಯಾಲ್ಯೂ! ಎಂಬ ದೋಷಸೂಚನೆಯನ್ನು ಕೂಗಿಕೊಂಡವು. ನಡುವೆ ಹೊಸ ಸಾಲು ಸೇರಿಸಿದರೆ ಸಮ್‌ನ ವ್ಯಾಪ್ತಿ ತಾನಾಗಿ ಹಿಗ್ಗುತ್ತದೆ, ಪೋಣಿಸಿದ ಸರಕ್ಕೆ ಆ ಬುದ್ಧಿಯಿಲ್ಲ. ನಾನು ದೋಷವೆಂದು ಬೈದದ್ದು ‘ಬಾಕಿ’ಯಂಥ ಟಿಪ್ಪಣಿಗಳನ್ನು ಸಹಿಸಿಕೊಳ್ಳುವ ಗುಣವೂ ಆಗಿತ್ತು.

ವರ್ಷವರ್ಷ ಹಣ ಕಟ್ಟುವವರಿಗೂ ಹೊಸ ಆವೃತ್ತಿ ಕೊಂಡವರಿಗೂ, ಪಟ್ಟಿಯಲ್ಲಿ ಬೇಕಾದದ್ದನ್ನು ಹುಡುಕಿಕೊಡುವ ಎಕ್ಸ್‌ಲುಕಪ್‌ನಂಥ ಹೊಸ ಫಂಕ್ಷನ್‌ಗಳು ದೊರೆಯುತ್ತವೆ. ಒಂದು ಮನೆಯ ಲೆಕ್ಕಕ್ಕೆ ಅಷ್ಟು ಖರ್ಚು ಹೆಚ್ಚೆಂದು ನಾನು ಹಳೆಯ ಆವೃತ್ತಿಯಲ್ಲೇ ಉಳಿದಿದ್ದೇನೆ. ಅದೇ ಹುಡುಕಾಟದ ಹಳೆಯ ಫಂಕ್ಷನ್ ವಿಲುಕಪ್‌ನ ನಾಲ್ಕನೆಯ ಸ್ಥಾನದಲ್ಲಿ, ನಿಖರವಾಗಿ ಹೊಂದುವುದನ್ನೇ ಹುಡುಕಲೆಂದು, ಫಾಲ್ಸ್ ಎಂದು ಬರೆಯುವುದನ್ನು ಮಾತ್ರ ಮರೆಯುವುದಿಲ್ಲ.

ಈಗ ಪ್ರತಿ ಒಟ್ಟು ಮೊತ್ತದ ಪಕ್ಕದಲ್ಲೂ =ಕೌಂಟ್‌ಎ(ಎ2:ಎ40)-ಕೌಂಟ್(ಎ2:ಎ40) ಎಂಬ ಸೂತ್ರವಿದೆ. ಮೊದಲನೆಯದು ತುಂಬಿದ ಸೆಲ್‌ಗಳನ್ನೂ ಎರಡನೆಯದು ಸಂಖ್ಯೆಗಳನ್ನೂ ಎಣಿಸುವುದರಿಂದ, ಗುಣಾಕಾರದ ನಂತರವೂ ಅಲ್ಲಿ 2 ಉಳಿದಿದ್ದರೆ ಎರಡು ಬಿಲ್ಲು ಇನ್ನೂ ಬರಬೇಕಿದೆ ಎಂದರ್ಥ.