ಸಿಇಟಿ ‘ಚಾನ್ಸ್ ರಿಪೋರ್ಟ್’ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ರಿಸಲ್ಟ್ ಬಂದ್ರೆ ಸಾಕು, ಊರಿಗೊಬ್ಬ ‘ಅಡ್ಮಿಷನ್ ಎಕ್ಸ್‌ಪರ್ಟ್’ ಹುಟ್ಕೋತಾನೆ. ರ‍್ಯಾಂಕ್ ಹೇಳಿ, ಯಾವ ಕಾಲೇಜಲ್ಲಿ ಎಷ್ಟು ಪರ್ಸೆಂಟ್ ಚಾನ್ಸ್ ಅಂತ ಬರೆದು ಕೊಡ್ತೀನಿ ಅಂತಾನೆ. ಅಂಥ ಒಬ್ಬನಿಗೆ ನಾವು ಕಳೆದ ವರ್ಷ ₹12,000 ಕೊಟ್ವಿ. ದುಡ್ಡು ಹಾಳಾಗಿ ಹೋಗ್ಲಿ, ಮಗಳಿಗೆ ಬರಬೇಕಾಗಿದ್ದ ಸೀಟು ಹೋಯ್ತು. ಹೆಸರು ಹಾಕಲ್ಲ, ಹಾಕಿದ್ರೆ ಮಾನನಷ್ಟ ಕೇಸ್ ಹಾಕ್ತೀನಿ ಅಂತ ಆಗಲೇ ಮೆಸೇಜ್ ಬಂದಿದೆ. ನಡೆದಿದ್ದನ್ನ ಮಾತ್ರ ಬರೀತೀನಿ. ಯಾಕೆ ಅಂದ್ರೆ ಮೊನ್ನೆ ಆ ಕಡೆ ಹೋದಾಗ ಅದೇ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಜಾಗ ಇರಲಿಲ್ಲ.

ಮಗಳ ಇಂಜಿನಿಯರಿಂಗ್ ರ‍್ಯಾಂಕ್ 11,400ರ ಹತ್ತಿರ. ನಮ್ಮದು ಹಿಂದುಳಿದ ವರ್ಗದ ಮೀಸಲಾತಿಯಲ್ಲಿ 2ಎ. ಒಂದರಿಂದ ಹತ್ತನೇ ಕ್ಲಾಸಿನವರೆಗೂ ಅವಳು ಓದಿದ್ದು ಹಳ್ಳಿ ಶಾಲೆಯಲ್ಲೇ. ಗ್ರಾಮೀಣ ಪ್ರಮಾಣಪತ್ರ ಇತ್ತು, ವೆರಿಫಿಕೇಶನ್ನಲ್ಲಿ ಅದೂ ಓಕೆ ಆಗಿತ್ತು. ಇದನ್ನ ನೆನಪಲ್ಲಿಟ್ಕೊಳ್ಳಿ. ಅವಳಿಗೆ ಬೇಕಾಗಿದ್ದಿದ್ದು ಬೆಂಗಳೂರಿನ ಒಂದು ಹಳೇ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್. ಕಂಪ್ಯೂಟರ್ ಸೈನ್ಸೇ ಬೇಕು ಅಂತ ಹಠ ಹಿಡಿದವಳೂ ಅಲ್ಲ.

ಆ ಮನುಷ್ಯ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಂಕ್ ಹೊಡೆದ. ಬಣ್ಣಬಣ್ಣದ ಪಿಡಿಎಫ್ ಬಂತು. ಅವಳು ಕೇಳಿದ ಕಾಲೇಜಿನ ಮುಂದೆ ಕೆಂಪಲ್ಲಿ 7.4%. ನಾವು ಹೆಸರೇ ಕೇಳದ, ಊರಾಚೆಯ ಒಂದು ಕಾಲೇಜಿನ ಮುಂದೆ ಹಸಿರಲ್ಲಿ 92.6%. ಏಳು ಅನ್ನಲಿಲ್ಲ, ಎಂಟು ಅನ್ನಲಿಲ್ಲ, 7.4! ಆ ಪಾಯಿಂಟ್ ನಾಲ್ಕು ನೋಡಿದ್ರೆ ಯಾರಿಗಾದ್ರೂ ಇದೇನೋ ದೊಡ್ಡ ಲೆಕ್ಕ ಅನ್ನಿಸುತ್ತೆ. “ಹತ್ತು ವರ್ಷದ ಡೇಟಾ ಸರ್, ಸಾಫ್ಟ್‌ವೇರ್ ಸುಳ್ಳು ಹೇಳಲ್ಲ” ಅಂದ.

ಆಮೇಲೆ ಆಪ್ಷನ್ ಎಂಟ್ರಿ, ಅಂದ್ರೆ ಬೇಕಾದ ಕಾಲೇಜು, ಬ್ರ್ಯಾಂಚುಗಳನ್ನ ಆನ್‌ಲೈನಲ್ಲಿ ಕ್ರಮವಾಗಿ ತುಂಬೋದು. ಲಾಗಿನ್ ಐಡಿ, ಪಾಸ್‌ವರ್ಡ್ ಕೊಡಿ, ನಾವೇ ಮಾಡ್ತೀವಿ, ನೀವು ಮಾಡಿದ್ರೆ ತಪ್ಪಾಗುತ್ತೆ ಅಂದ. ಮಗಳು ಒಂದು ಕಾಗದದಲ್ಲಿ ತನಗೆ ಬೇಕಾದ ಕಾಲೇಜುಗಳನ್ನ ಸಾಲಾಗಿ ಬರ್ಕೊಂಡು ಬಂದಿದ್ಲು. ಅದನ್ನ ನೋಡಿ ನಕ್ಕ. “ಏನಮ್ಮಾ, ಸಿಗದೇ ಇರೋದನ್ನೆಲ್ಲ ಮೇಲೆ ಹಾಕಿದೀಯ. ಮೊದಲ ಆಪ್ಷನ್ ರಿಜೆಕ್ಟ್ ಆದ್ರೆ ಕೆಳಗಿನ ಕಾಲೇಜಿನವರು ಅಷ್ಟರಲ್ಲಿ ತುಂಬ್ಕೊಂಡ್‌ಬಿಡ್ತಾರೆ. ಸಿಗೋದನ್ನ ಮೇಲೆ ಹಾಕ್ಬೇಕು.” ಹಾಗಂದವನೇ ಹಸಿರು ಕಾಲೇಜನ್ನ ಒಂದನೇ ನಂಬರಿಗೆ ಹಾಕಿದ. ಅವಳ ಕಾಲೇಜು ಎಲ್ಲೋ ಕೆಳಗೆ ಹೋಯ್ತು.

ಇದು ಹಸಿ ಸುಳ್ಳು. ಎಷ್ಟು ಸಲ ಬೇಕಾದ್ರೂ ಹೇಳ್ತೀನಿ, ಹಸಿ ಸುಳ್ಳು. ಕೆಇಎ, ಅಂದ್ರೆ ಸಿಇಟಿ ನಡೆಸೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಸೀಟು ಹಂಚೋದು ರ‍್ಯಾಂಕ್ ಪ್ರಕಾರ. ನಿಮ್ಮ ಮಗುವಿನ ಸರದಿ ಬಂದಾಗ ಪಟ್ಟಿಯ ಒಂದನೇ ಆಪ್ಷನ್ ನೋಡ್ತಾರೆ, ಇಲ್ಲ ಅಂದ್ರೆ ಎರಡು, ಇಲ್ಲ ಅಂದ್ರೆ ಮೂರು, ಎಲ್ಲಿ ಖಾಲಿ ಇದೆಯೋ ಅದು. ನಿಮಗಿಂತ ಹಿಂದಿನ ರ‍್ಯಾಂಕಿನವರು ನಿಮ್ಮ ಸರದಿ ಮುಗಿಯೋವರೆಗೂ ಕಾಯ್ತಿರ್ತಾರೆ. ಹಾಗಿರುವಾಗ ಕನಸಿನ ಕಾಲೇಜನ್ನ ಮೇಲೆ ಹಾಕಿದ್ರೆ ಕಳ್ಕೊಳ್ಳೋದು ಏನು? ಏನೂ ಇಲ್ಲ. ಸಿಕ್ರೆ ಸಿಕ್ತು, ಸಿಗದಿದ್ರೆ ಕೆಳಗಿನದನ್ನ ಹೇಗೂ ನೋಡ್ತಾರೆ. ಅಂದ್ಮೇಲೆ ಚಾನ್ಸ್ ಏಳು ಪರ್ಸೆಂಟೋ ಎಪ್ಪತ್ತು ಪರ್ಸೆಂಟೋ ಅನ್ನೋ ಲೆಕ್ಕವೇ ಈ ಪಟ್ಟಿಗೆ ಬೇಕಾಗಿಲ್ಲ! ಮಗುವಿಗೆ ಯಾವುದು ಇಷ್ಟವೋ ಅದೇ ಕ್ರಮ. ₹12,000 ಕೊಟ್ಟು ಕೇಳಿಸ್ಕೊಂಡಿದ್ದು ಇದರ ಉಲ್ಟಾ.

ಮಾಕ್ ಅಲಾಟ್‌ಮೆಂಟ್, ಅಂದ್ರೆ ನಿಜವಾದ ಹಂಚಿಕೆಗೆ ಮುಂಚಿನ ಅಣಕು ಹಂಚಿಕೆ, ಬಂತು. ಒಂದನೇ ಆಪ್ಷನ್ನೇ ತೋರಿಸ್ತು, ಅಂದ್ರೆ ಅವನು ಹಾಕಿದ್ದೇ. ಮಾಕ್ ಇರೋದೇ ನೋಡಿ ತಿದ್ದಿಕೊಳ್ಳೋಕೆ. ಅದಾದ ಮೇಲೆ ಆಪ್ಷನ್ ಸೇರಿಸಬಹುದು, ತೆಗೀಬಹುದು, ಮೇಲೆ ಕೆಳಗೆ ಮಾಡಬಹುದು. ಮಗಳು ಫೋನ್ ಮಾಡಿ, “ಸರ್, ಆ ಕಾಲೇಜನ್ನ ಮೇಲಕ್ಕೆ ಹಾಕ್ಲಾ?” ಅಂತ ಕೇಳಿದ್ಲು. ಸ್ಪೀಕರ್ ಆನ್ ಇತ್ತು, ಮನೆಮಂದಿಯೆಲ್ಲ ಕೇಳಿಸ್ಕೊಂಡ್ವಿ. “ಈಗ ಮುಟ್ಟಿದ್ರೆ ಬಂದಿದ್ದೂ ಹೋಗುತ್ತಮ್ಮಾ. ಆಮೇಲೆ ನನ್ನ ಕೇಳ್ಬೇಡ.” ಹುಡುಗಿ ಹೆದರಿ ಸುಮ್ಮನಾದ್ಲು.

ಮೊದಲ ಸುತ್ತಲ್ಲಿ ಅದೇ ಬಂತು. ಚಾಯ್ಸ್ 2 ಕೊಟ್ಟು, ಅಂದ್ರೆ ಸಿಕ್ಕ ಸೀಟು ಇಟ್ಕೊಂಡೇ, ಮುಂದಿನ ಸುತ್ತಿಗೆ ಕಾಯೋಣ ಅಂದ್ರೆ, ಅಲ್ಲಿ ನೋಡೋದು ನಮಗೆ ಸಿಕ್ಕಿದ್ದಕ್ಕಿಂತ ಮೇಲಿರೋ ಆಪ್ಷನ್‌ಗಳನ್ನ ಮಾತ್ರ. ನಮ್ಮ ಪಟ್ಟಿಯಲ್ಲಿ ಮೇಲೆ ಏನಿದೆ? ಸೊನ್ನೆ. ಚಾಯ್ಸ್ 3 ಅಂದ್ರೆ ಕೈಯಲ್ಲಿರೋ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗ್ಬೇಕು. ಸಿಕ್ಕಿದ್ದನ್ನೇ ಒಪ್ಕೊಳ್ಳೋ ಚಾಯ್ಸ್ 1 ಒತ್ತಿ ಫೀಸು ಕಟ್ಟಿದ್ವಿ. ಅವನು ಫೋನ್ ಮಾಡಿ ಕಂಗ್ರಾಟ್ಸ್ ಹೇಳಿದ! “ನೋಡಿದ್ರಾ ಸರ್, 92 ಪರ್ಸೆಂಟ್ ಅಂದಿದ್ದೆ, ಸಿಕ್ತಲ್ಲ?”

ಸಿಗದೇ ಏನಾಗುತ್ತೆ? ಒಂದನೇ ನಂಬರಿಗೆ ಹಾಕಿದವನೂ ನೀನೇ, ಭವಿಷ್ಯ ಹೇಳಿದವನೂ ನೀನೇ. ಆ 7.4% ಸುಳ್ಳು ಅಂತ ಯಾರೂ ತೋರಿಸೋಕಾಗಲ್ಲ, ಯಾಕಂದ್ರೆ ಅಲ್ಲಿಗೆ ನಮ್ಮ ಸರದಿ ಹೋಗೋಕೆ ಅವನು ಬಿಡಲೇ ಇಲ್ಲ.

ಎರಡನೇ ಸುತ್ತಿನ ಕಟಾಫ್ (ಯಾವ ರ‍್ಯಾಂಕಿನವರೆಗೆ ಸೀಟು ಸಿಕ್ತು ಅನ್ನೋ ಪಟ್ಟಿ) ಪಿಡಿಎಫ್ ಕೆಇಎ ವೆಬ್‌ಸೈಟಿಗೆ ಬಂದ ದಿನ ಮಗಳು ಫೋನ್ ಹಿಡ್ಕೊಂಡು ಬಂದು ನನ್ನ ಪಕ್ಕ ಕೂತ್ಲು. ಮಾತಾಡಲಿಲ್ಲ, ಬೆರಳಿಟ್ಟು ತೋರಿಸಿದ್ಲು. ಅವಳಿಗೆ ಬೇಕಾಗಿದ್ದ ಕಾಲೇಜು, ಬೇಕಾಗಿದ್ದ ಬ್ರ್ಯಾಂಚು. ಜಿಎಂ ಕಾಲಂ, ಅಂದ್ರೆ ಮೀಸಲಾತಿ ಇಲ್ಲದ ಜನರಲ್ ಮೆರಿಟ್, 6,000 ಚಿಲ್ಲರೆಗೆ ನಿಂತಿದೆ. 2ಎಆರ್ ಕಾಲಂ, ಅಂದ್ರೆ 2ಎ ಗ್ರಾಮೀಣ, 13,000 ದಾಟಿದೆ. ನಮ್ಮದು 11,400. ನಂಬಲಾರದೆ ಹಿಂದಿನ ವರ್ಷದ್ದೂ ತೆಗೆಸಿದೆ. ಅದೂ ಹೆಚ್ಚುಕಮ್ಮಿ ಹಾಗೇ. ಅಂದ್ರೆ ಅವನು ರಿಪೋರ್ಟ್ ಕೊಡೋ ದಿನವೇ ಈ ಅಂಕಿ ಅಲ್ಲಿತ್ತು! ಪುಕ್ಕಟೆಯಾಗಿ, ಯಾರು ಬೇಕಾದ್ರೂ ನೋಡೋ ಹಾಗೆ ಇತ್ತು. ಅವನ ರಿಪೋರ್ಟ್ ಮತ್ತೆ ತೆಗೆದು ನೋಡಿದ್ರೆ ಕೆಳಗೆ ಸೊಳ್ಳೆ ಗಾತ್ರದ ಅಕ್ಷರದಲ್ಲಿ ‘ಜಿಎಂ, ರೌಂಡ್ 1’ ಅಂತಿದೆ. 2ಎ ನೋಡಿಲ್ಲ, ಗ್ರಾಮೀಣ ನೋಡಿಲ್ಲ, ಕೊನೇ ಸುತ್ತು ನೋಡಿಲ್ಲ. ಹತ್ತು ವರ್ಷದ ಡೇಟಾ ಅಂತೆ! ಆ ರಾತ್ರಿ ನಾನು ಊಟ ಮಾಡಲಿಲ್ಲ.

ಕೊನೇ ಸುತ್ತು ಯಾಕೆ ಮುಖ್ಯ ಅಂದ್ರೆ, ಮೇಲಿನ ರ‍್ಯಾಂಕಿನ ಎಷ್ಟೋ ಮಕ್ಕಳು ಐಐಟಿ, ಎನ್‌ಐಟಿ, ಕಾಮೆಡ್‌ಕೆ ಅಂತ ಬೇರೆ ಕಡೆ ಹೋಗ್ತಾರೆ, ಅವರು ಬಿಟ್ಟ ಸೀಟು ಕೆಳಗಿನವರಿಗೆ ಬರುತ್ತೆ. ಅದೂ ಅಲ್ದೆ 2024-25ರಿಂದ ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಒಂದು ಬ್ರ್ಯಾಂಚಿಗೆ ಇಷ್ಟೇ ಸೀಟು ಅನ್ನೋ ಮಿತಿ ತೆಗೆದ ಮೇಲೆ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟು ಏರಿಸ್ಕೊಂಡವು. ಆ ಕಡೆ ಜನ ಸರಿದ್ರೆ ಬೇರೆ ಬ್ರ್ಯಾಂಚಲ್ಲಿ ಜಾಗ ಆಗುತ್ತೆ. ಇಷ್ಟೆಲ್ಲ ಅಲುಗಾಡೋ ಕಡೆ ದಶಮಾಂಶ ಹಾಕಿ ಪರ್ಸೆಂಟ್ ಕೊಡ್ತಾನೆ ಅಂದ್ರೆ ಆಸಾಮಿ ಎಂಥವನು ಅಂತ ನೀವೇ ಹೇಳಿ.

ಫೋನ್ ಮಾಡಿದೆ. ಮೊದಲು, “ಸರ್, ಅದು ಎರಡನೇ ಸುತ್ತಿನ ಕಟಾಫ್, ಅದನ್ನ ಯಾರೂ ಊಹೆ ಮಾಡೋಕಾಗಲ್ಲ.” ಊಹೆ ಮಾಡೋಕೇ ತಾನೇ ನೀವು ದುಡ್ಡು ತಗೊಂಡಿದ್ದು ಅಂದೆ. “ಗ್ಯಾರಂಟಿ ಅಂತ ಎಲ್ಲಿ ಬರೆದಿದೆ ತೋರಿಸಿ.” 2ಎಆರ್ ಯಾಕೆ ನೋಡಲಿಲ್ಲ ಅಂದೆ. “ನೀವು ಹೇಳ್ಲಿಲ್ಲ ಸರ್.” ನಾವು ಹೇಳೋದು ಏನು, ವೆರಿಫಿಕೇಶನ್ ಸ್ಲಿಪ್ಪಿನ ಜೆರಾಕ್ಸ್ ಅವನ ಫೈಲಲ್ಲೇ ಇದೆ! ಮಾರನೇ ದಿನ ಫೋನ್ ಎತ್ತಿದ್ದು ಒಬ್ಬ ಹೆಣ್ಣುಮಗಳು. “ಸರ್ ಮೀಟಿಂಗಲ್ಲಿದ್ದಾರೆ. ನಿಮ್ಮ ಮಗಳಿಗೆ ಫಸ್ಟ್ ಆಪ್ಷನ್ನೇ ಸಿಕ್ಕಿದೆಯಲ್ಲ, ಕಂಪ್ಲೇಂಟ್ ಏನು?” ಉತ್ತರ ಹೊಳೀಲಿಲ್ಲ ನನಗೆ. ಅದೇ ವಾರ ಅವರ ವಾಟ್ಸಾಪ್ ಸ್ಟೇಟಸ್ಸಲ್ಲಿ ಮಗಳ ಫೋಟೋ. ‘ನಮ್ಮ ಮಾರ್ಗದರ್ಶನದಲ್ಲಿ ಮೊದಲ ಸುತ್ತಿನಲ್ಲೇ ಮೊದಲ ಆಯ್ಕೆ!’ ತೆಗೆಸೋಕೆ ನಾನು ಕಿರುಚಬೇಕಾಯ್ತು. ನೆಂಟರೆಲ್ಲ ಅದನ್ನ ನೋಡಿ ಫೋನ್ ಮಾಡಿ ಶುಭಾಶಯ ಬೇರೆ ಹೇಳಿದ್ರು.

ಕಾಲೇಜಿಗೆ ಸೇರಿಸೋಕೆ ಹೋದಾಗ ಅಡ್ಮಿಷನ್ ಕೌಂಟರಿನ ಹುಡುಗ ಕೇಳಿದ್ದು ಆಗ ತಲೆಗೆ ಹೋಗಿರಲಿಲ್ಲ. “ನೀವು ಇಂಥವರ ಕಡೆಯವರಾ?” ಅಂತ ಅವನ ಹೆಸರು ಹೇಳಿ ರಿಜಿಸ್ಟರಲ್ಲಿ ಟಿಕ್ ಹಾಕ್ಕೊಂಡಿದ್ದ. ಯಾಕೆ ಹಾಕ್ಕೊಂಡ ಅಂತ ನಾನು ಬಿಡಿಸಿ ಹೇಳಬೇಕಾ?

ಇಂಥ ಎಕ್ಸ್‌ಪರ್ಟ್ ಹತ್ರ ಹೋಗಲೇಬೇಕು ಅನ್ನೋರು ಇಷ್ಟು ಮಾಡಿ. ಕೆಇಎ ಸೈಟಲ್ಲಿ ಹಿಂದಿನ ವರ್ಷದ ಕೊನೇ ಸುತ್ತಿನ ಕಟಾಫ್ ತೆಗೀರಿ. ನಿಮ್ಮ ಕೆಟಗರಿಯ ಕೊನೇ ಅಕ್ಷರ ನೋಡಿ, ಜಿ ಅಂದ್ರೆ ಸಾಮಾನ್ಯ, ಆರ್ ಗ್ರಾಮೀಣ, ಕೆ ಕನ್ನಡ ಮಾಧ್ಯಮ. ಕಲ್ಯಾಣ ಕರ್ನಾಟಕದವರ 371(ಜೆ) ಮೀಸಲಾತಿ ಇದ್ದವರಿಗೆ ಬೇರೆಯದೇ ಪಟ್ಟಿ ಇದೆ. ಅದನ್ನ ಅವನ ಮುಂದಿಟ್ಟು ನಿನ್ನ ಪರ್ಸೆಂಟ್ ಯಾವ ಕಾಲಂನದು ಅಂತ ಕೇಳಿ. ಮುಖ ನೋಡಿದ್ರೆ ಗೊತ್ತಾಗುತ್ತೆ.

ಪಾಸ್‌ವರ್ಡ್, ಒಟಿಪಿ ಮಾತ್ರ ಸತ್ರೂ ಕೊಡ್ಬೇಡಿ. 2024ರ ಕೊನೆಯಲ್ಲಿ ಸೀಟ್ ಬ್ಲಾಕಿಂಗ್ (ಸೇರೋ ಉದ್ದೇಶವಿಲ್ಲದೆ ಸೀಟು ಹಿಡಿದಿಡೋದು) ಕೇಸಲ್ಲಿ ಮಲ್ಲೇಶ್ವರಂ ಪೊಲೀಸರು ಜನರನ್ನ ಬಂಧಿಸಿದ್ದು ಪೇಪರಲ್ಲಿ ಓದಿದ್ರಲ್ಲ, ಅಲ್ಲೂ ಮಕ್ಕಳ ಲಾಗಿನ್ ಬೇರೆಯವರ ಕೈಗೆ ಸಿಕ್ಕಿದ್ದೇ ಕಥೆ. ನಮ್ಮವನ ಡೈರಿಯಲ್ಲಿ ಪುಟದ ತುಂಬ ಮಕ್ಕಳ ಹೆಸರು, ಪಕ್ಕದಲ್ಲಿ ಪಾಸ್‌ವರ್ಡ್. ಕಣ್ಣಾರೆ ನೋಡಿದೀನಿ.

ಬಿಲ್ ಕೊಟ್ಟಿಲ್ಲ, ದುಡ್ಡು ಹೋಗಿದ್ದು ಅವನ ಹೆಂಡತಿ ಹೆಸರಿನ ಯುಪಿಐಗೆ. ಸ್ಕ್ರೀನ್‌ಶಾಟ್ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಿದೀನಿ, ನೋಡೋಣ. ಇಂಥ ರಿಪೋರ್ಟಿಗೆ ನೀವೂ ದುಡ್ಡು ಕಟ್ಟಿದ್ರೆ ಆ ಪಿಡಿಎಫ್ ಅಳಿಸ್ಬೇಡಿ, ಅವನ ಮೆಸೇಜ್‌ಗಳನ್ನೂ ಇಟ್ಕೊಳ್ಳಿ. ನನ್ನ ಹತ್ರ ಫೋನಲ್ಲಿ ಆಡಿದ ಮಾತಿಗೆ ಮಾತ್ರ ಯಾವ ದಾಖಲೆಯೂ ಇಲ್ಲ.